ಸ್ಕಾರ್ವೆಗೆ ಬರೆದ ಉಪಚಾರದ ಮಾತು

ಡಾಕ್ಟರ್ ವಾಮನಮೂರ್ತಿಗೆ ಒದಗಿದ ಆಪತ್ತಿಗೆಲ್ಲ ಕಾರಣ ಅವನೇ ಒಂದು ಕಾಗದದ ಕೊನೆಯಲ್ಲಿ ಬರೆದ ಒಂದು ಸಾಲು.

ಅಮೆರಿಕದ ರಾಕ್‌ವಿಲ್‌ನ ಪ್ರಯೋಗಾಲಯವೊಂದರಲ್ಲಿ ಅವನಿಗೆ ಕೆಲಸ. ಮೀನು ತಿನ್ನುವವರ ರಕ್ತದಲ್ಲಿ ಪಾದರಸ ಎಷ್ಟಿದೆ ಎಂದು ಅಳೆಯಬೇಕು. ರಕ್ತದ ಸೀಸೆಗಳು ಬರುತ್ತಿದ್ದದ್ದು ಸ್ಕಾರ್ವೆ ಎಂಬ ದ್ವೀಪದಿಂದ. ಅದನ್ನು ಉತ್ತರ ಧ್ರುವದ ಪಕ್ಕದ ಮನೆ ಎನ್ನಬಹುದು. ಒಂಬೈನೂರು ಜನ, ನಲವತ್ತು ದೋಣಿ, ಒಂದು ಪುರಸಭೆ. ಚಳಿಗಾಲದಲ್ಲಿ ಎರಡು ತಿಂಗಳು ಸೂರ್ಯನೇ ರಜೆ ಹಾಕಿ ಹೋಗುತ್ತಾನೆ. ಸೀಸೆ ತಲುಪಿದೆ ಎಂದು ಪುರಸಭೆಯ ಅಧ್ಯಕ್ಷ ಯೊಹಾನ್‌ಸೆನ್‌ಗೆ ಬರೆಯುವಾಗ, ಮೈಸೂರಿನವನಲ್ಲವೇ, ಬರೀ ವಿಷಯ ಬರೆದು ಸಹಿ ಹಾಕಲು ವಾಮನಮೂರ್ತಿಗೆ ಮನಸ್ಸು ಬರಲಿಲ್ಲ. 'ನಿಮ್ಮೂರಿಗೆ ಬಂದು ನಿಮ್ಮ ಮೀನು ತಿನ್ನುವ ಭಾಗ್ಯ ನನಗೆ ಎಂದು ಬರುವುದೋ' ಎಂದು ಸೇರಿಸಿದ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಪ್ರಾಣಿ ಅದು!

ಮೈಸೂರಿನಲ್ಲಾಗಿದ್ದರೆ ಇಂಥ ಮಾತನ್ನು ಓದಿದವರು ಅಲ್ಲೇ ಮರೆಯುತ್ತಿದ್ದರು. ಸ್ಕಾರ್ವೆಯ ಪುರಸಭೆ ಸಭೆ ಸೇರಿ, ಕಾಗದವನ್ನು ಗಟ್ಟಿಯಾಗಿ ಓದಿಸಿ, ಬರೆದವನನ್ನು ಕರೆಸಿಕೊಳ್ಳಬೇಕೆಂದು ಠರಾವು ಪಾಸು ಮಾಡಿತು.

೧೯೭೪ರ ಆಗಸ್ಟಿನ ಒಂದು ಶನಿವಾರ ಬೆಳಗ್ಗೆ ಬಾಸ್ ಹಾರ್ಪರ್‌ನ ಫೋನು ಬಂತು. ಅಧ್ಯಕ್ಷ ಬಂದಿದ್ದಾನೆ, ಮಧ್ಯಾಹ್ನ ನಿನ್ನ ಮನೆಗೇ ಊಟಕ್ಕೆ ಕರೆತರುತ್ತೇನೆ, ನಿನ್ನ ಆಸೆಯೂ ಕೈಗೂಡಿತು, ಅಕ್ಟೋಬರಿನಿಂದ ಇಡೀ ಚಳಿಗಾಲ ನೀನು ಸ್ಕಾರ್ವೆಯಲ್ಲಿ! "ಬಹಳ ಸಂತೋಷ ಸರ್" ಎಂದು ಫೋನಿಟ್ಟ ವಾಮನಮೂರ್ತಿ ಸೋಫಾದಲ್ಲಿ ಕುಸಿದ, ಎದ್ದ, ಮತ್ತೆ ಕೂತ.

"ಹೋಗಕ್ಕೆ ಇಷ್ಟ ಇಲ್ದೆ ಸಂತೋಷ ಯಾಕಂದ್ರಿ?" ಎಂದಳು ಹೆಂಡತಿ ಊರ್ಮಿಳಾ.

"ಬಾಯಿಗೆ ಬಂದ್ಬಿಡ್ತು ಕಣೇ. ಬಾಸ್‌ಗೆ ನೋ ಅನ್ನೋದು ಹೇಗೆ?"

"ವೆಜಿಟೇರಿಯನ್ನು, ಅಲ್ಲಿ ಸರ್ವೈವ್ ಆಗಲ್ಲ ಅಂತ ಹೇಳಿ, ಮುಗೀತು."

"ಈಗ ಹೇಳ್ಲಾ? ಆರು ವರ್ಷದ ಹಿಂದೆ ಇಂಟರ್‌ವ್ಯೂನಲ್ಲಿ ಮೀನು ಇಷ್ಟಾನಾ ಅಂದ್ರು. ಐ ಲವ್ ಫಿಶ್ ಅಂದಿದೀನಿ. ಕೆಲಸದ ಬಗ್ಗೆ ಕೇಳ್ತಿದಾರೆ ಅಂದ್ಕೊಂಡೆ."

ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಬೆಳಕಿಲ್ಲದ ಊರು, ಹೆಂಡತಿಯಿಲ್ಲದ ಮನೆ, ಸಾರಿಲ್ಲದ ತಟ್ಟೆ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ಅವನು ಓಡಾಡಿದ್ದನ್ನು ಕೂಡಿಸಿದ್ದರೆ ಬಾಲ್ಟಿಮೋರ್ ತಲುಪಬಹುದಿತ್ತು. ಆ ಕಾಟ ತಾಳಲಾರದೆ ಊರ್ಮಿಳಾ ಪಕ್ಕದ ಮನೆಯ ಹೃದಯದ ಡಾಕ್ಟರ್ ಪ್ರಭಾಕರನನ್ನು ಕರೆತಂದಳು. ಪರರ ಕಷ್ಟವೆಂದರೆ ಪ್ರಭಾಕರನಿಗೆ ಹೋಳಿಗೆ ಊಟ.

"ಇಷ್ಟಕ್ಕೆಲ್ಲ ಟೆನ್ಷನ್ ಯಾಕಯ್ಯಾ? ಊಟದ ಮಧ್ಯೆ ಕ್ಯಾಶುಯಲ್ ಆಗಿ ಬರ್ತೀನಿ. ನಿನ್ನ ಬಿಪಿ ವಿಷಯ ಎತ್ತಿ, ಈ ಹಾರ್ಟಿಗೆ ಆ ಚಳಿ ಆಗೋಲ್ಲ ಅಂತೀನಿ. ಡಾಕ್ಟರ್ ಮಾತು ತೆಗೆದುಹಾಕ್ತಾನಾ ಅವನು?"

ಒಂದು ಗಂಟೆಗೆ ಸರಿಯಾಗಿ ಹಾರ್ಪರ್ ಬಂದ. ಹಿಂದೆ ಬಾಗಿಲು ತುಂಬ ಯೊಹಾನ್‌ಸೆನ್, ಅವನ ಕಂಕುಳಲ್ಲಿ ದಾರ ಕಟ್ಟಿದ ಒಂದು ಹೊರೆ. ಅದನ್ನು ಅವನು ಎರಡೂ ಕೈಯಿಂದ ಊರ್ಮಿಳೆಗೆ ಒಪ್ಪಿಸಿದ.

"ಅಷ್ಟು ದೂರದಿಂದ ಸೌದೆ ಹೊತ್ಕೊಂಡು ಬಂದಿದಾರಲ್ರೀ, ಪಾಪ!" ಎಂದು ಅವಳು ಅದನ್ನು ಭಕ್ತಿಯಿಂದ ಅಗ್ಗಿಷ್ಟಿಕೆಯ ಪಕ್ಕ ಜೋಡಿಸಿದಳು. ಎರಡು ನಿಮಿಷಕ್ಕೆ ಮೂಗಿಗೆ ಸೆರಗು ಹಿಡಿದು ಗಂಡನ ಕಿವಿಯಲ್ಲಿ, "ರೀ, ಅದು ಒಣಮೀನು! ಪಕ್ಕದ ಗೂಡಲ್ಲೇ ದೇವರಿದೆ!" ಎಂದಳು. ಅತಿಥಿಗಳೆದುರು ಮೀನನ್ನು ಎತ್ತುವುದು ಚೆನ್ನಾಗಿರುವುದಿಲ್ಲವೆಂದು ವಾಮನಮೂರ್ತಿ ದೇವರನ್ನೇ ಎತ್ತಿ ಮಲಗುವ ಕೋಣೆಗೆ ಸಾಗಿಸಿದ.

ಬಿಸಿಬೇಳೆಭಾತು, ಕೋಸಂಬರಿ, ಶ್ಯಾವಿಗೆ ಪಾಯಸ. ಮೀನು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಯೊಹಾನ್‌ಸೆನ್ ಮಾತಿಲ್ಲದೆ ಮೂರನೆಯ ಸಲ ಬಡಿಸಿಕೊಳ್ಳುವ ಹೊತ್ತಿಗೆ ಪ್ರಭಾಕರ ಒಳಗೆ ಬಂದ. ಕ್ಯಾಶುಯಲ್ ಆಗಿ ಬಂದವನ ಕೈಯಲ್ಲಿ ಬಿಪಿ ಯಂತ್ರವಿತ್ತು.

"ಹೇಗಿದೆ ಮೂರ್ತಿ ಬಿಪಿ? ಇವನದು ಬಹಳ ನಾಜೂಕಾದ ಹೃದಯ," ಎಂದು ಅವನು ಶುರುಮಾಡಿದ್ದೇ ತಡ, ಹಾರ್ಪರ್ ಕಳವಳದಿಂದ, "ಅಯ್ಯೋ, ಹಾಗಾದರೆ ಯಾರೋ ಸರಿಯಾದ ಚಿಕಿತ್ಸೆ ಕೊಟ್ಟಿಲ್ಲ. ನನಗೊಬ್ಬ ಒಳ್ಳೆಯ ಡಾಕ್ಟರು ಗೊತ್ತು, ಅವನಿಗೆ ತೋರಿಸೋಣ" ಎಂದ.

ಪ್ರಭಾಕರನ ಮುಖ ಕೆಂಪಾಯಿತು.

"ಚಿಕಿತ್ಸೆ ಕೊಡುತ್ತಿರುವವನು ನಾನು ಸ್ವಾಮಿ!" ಎಂದವನೇ ವಾಮನಮೂರ್ತಿಯ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಎಲ್ಲರಿಗೂ ಅಂಕಿ ತೋರಿಸಿದ. "ನೋಡಿ! ಹದಿನೆಂಟು ವರ್ಷದ ಹುಡುಗನ ಬಿಪಿ! ಇವನನ್ನು ಧ್ರುವದವರೆಗೆ ನಡೆಸಿಕೊಂಡು ಹೋಗಿ, ನಡೆಸಿಕೊಂಡೇ ವಾಪಸು ತನ್ನಿ. ಏನಾದರೂ ಆದರೆ ನನ್ನನ್ನು ಕೇಳಿ!"

ಒಂದು ಬಟ್ಟಲು ಪಾಯಸ ಕುಡಿದು, ತನ್ನ ಮಾನ ಉಳಿಸಿಕೊಂಡ ತೃಪ್ತಿಯಲ್ಲಿ ಅವನು ಹೊರಟುಹೋದ. ಗೆಳೆಯನ ಕಡೆ ತಿರುಗಿಯೂ ನೋಡಲಿಲ್ಲ.

ಆಗ ಯೊಹಾನ್‌ಸೆನ್ ಎದ್ದು, ಸೌದೆಯ ರಾಶಿಯಿಂದ ಒಂದನ್ನು ಆರಿಸಿ, ಜೇಬಿನ ಚಾಕುವಿನಿಂದ ಚಕ್ಕೆ ಸೀಳಿ, ವಾಮನಮೂರ್ತಿಗೆ ಚಾಚಿದ. "ನಮ್ಮಲ್ಲಿ ಇದನ್ನು ಹೀಗೇ ಅಗಿಯುತ್ತೇವೆ. ನಿಮ್ಮ ಕಾಗದ ಓದಿದಾಗ ನಮ್ಮ ಮುದುಕಿಯರು ಅತ್ತರು. ನಮ್ಮ ಮೀನನ್ನು ಅಷ್ಟು ದೂರದಲ್ಲಿ ಒಬ್ಬರು ನೆನೆದರಲ್ಲ ಎಂದು."

ವಾಮನಮೂರ್ತಿ ಚಕ್ಕೆಯನ್ನು ತುಟಿಯ ಹತ್ತಿರ ತಂದ. ಕಣ್ಣಲ್ಲಿ ನೀರು ಬಂತು. ಯೊಹಾನ್‌ಸೆನ್ ಅದನ್ನು ಆನಂದಬಾಷ್ಪವೆಂದುಕೊಂಡು ಬೆನ್ನು ತಟ್ಟಿದ. ಇನ್ನು ಸಾಧ್ಯವೇ ಇಲ್ಲ ಎನ್ನಿಸಿ ಬಡಪಾಯಿ ಚಕ್ಕೆಯನ್ನು ಕೆಳಗಿಟ್ಟ.

"ಕ್ಷಮಿಸಿ. ನಾನು ಮೀನು ತಿನ್ನುವವನಲ್ಲ. ಜನ್ಮದಲ್ಲಿ ಒಂದು ಚೂರೂ ತಿಂದಿಲ್ಲ. ಇಂಟರ್‌ವ್ಯೂನಲ್ಲಿ ಹೇಳಿದ್ದೂ ಸುಳ್ಳು, ಕಾಗದದಲ್ಲಿ ಬರೆದದ್ದು ಬರೀ ಉಪಚಾರ. ಸ್ಕಾರ್ವೆಯಲ್ಲಿ ನಾನು ಒಂದು ವಾರವೂ ಬದುಕಲಾರೆ."

ಕೆಲಸ ಹೋದರೂ ಸರಿ, ಸೂರ್ಯನಾದರೂ ಉಳಿದ ಎಂದು ವಾಮನಮೂರ್ತಿಗೆ ಎದೆ ಹಗುರವಾಯಿತು.

ಹಾರ್ಪರ್ ನಿಧಾನವಾಗಿ ಚಮಚ ಕೆಳಗಿಟ್ಟ. "ಒಂದು ಚೂರೂ ಇಲ್ಲವೇ? ನಿಮ್ಮ ತಂದೆ ತಾಯಿ?"

"ನಮ್ಮ ವಂಶದಲ್ಲೇ ಯಾರೂ ಇಲ್ಲ ಸರ್."

"ಶ್ರೀಮತಿಯವರು?"

"ಇಲ್ಲಪ್ಪ!" ಎಂದಳು ಊರ್ಮಿಳಾ ಹೆಮ್ಮೆಯಿಂದ.

ಹಾರ್ಪರ್ ಕುರ್ಚಿ ಬೀಳಿಸಿಕೊಂಡು ಎದ್ದು ವಾಮನಮೂರ್ತಿಯನ್ನು ತಬ್ಬಿಕೊಂಡ. "ಇಷ್ಟು ದಿನ ಯಾಕಯ್ಯಾ ಹೇಳಲಿಲ್ಲ? ಆ ದ್ವೀಪದಲ್ಲಿ ಹಲ್ಲು ಬಾರದ ಕೂಸೂ ಮೀನು ತಿನ್ನುತ್ತದೆ. ಅಲ್ಲಿನದೇ ಗಾಳಿ, ಅಲ್ಲಿನದೇ ನೀರು ಕುಡಿದೂ ಮೀನು ಮುಟ್ಟದ ಮನುಷ್ಯನ ರಕ್ತ ಹೋಲಿಕೆಗೆ ಸಿಗದೆ ಮೂರು ವರ್ಷದಿಂದ ನಮ್ಮ ಅಧ್ಯಯನ ಕುಂಟುತ್ತಿದೆ! ಒಂದು ಚಳಿಗಾಲ ಸಾಲದು, ಎರಡು ವರ್ಷ ಇರಬೇಕು. ಇಬ್ಬರೂ ಹೊರಡಿ. ತಿಂಗಳಿಗೊಂದು ಸೀಸೆ ನಿಮ್ಮಿಬ್ಬರದೇ ರಕ್ತ ಕಳಿಸಿ. ಷರತ್ತು ಒಂದೇ, ಸತ್ತರೂ ಮೀನು ಮುಟ್ಟಕೂಡದು."

ಊರ್ಮಿಳಾ ಗಂಡನನ್ನು ನೋಡಿದ ನೋಟವನ್ನು ಬರೆಯದಿರುವುದೇ ಲೇಸು. ವಾಮನಮೂರ್ತಿ ಯೊಹಾನ್‌ಸೆನ್‌ನತ್ತ ತಿರುಗಿ ಸಣ್ಣ ದನಿಯಲ್ಲಿ ಕೇಳಿದ:

"ನಿಮ್ಮೂರಲ್ಲಿ ಮೀನು ಬಿಟ್ಟು ತಿನ್ನಲು ಇನ್ನೇನು ಬೆಳೆಯುತ್ತದೆ?"

ಯೊಹಾನ್‌ಸೆನ್ ಗಡ್ಡ ಕೆರೆದುಕೊಂಡು, ಸೂರು ನೋಡಿ, ಎಣಿಸಲೆಂದು ಒಂದು ಬೆರಳು ಮಡಿಸಿ ಬಹಳ ಹೊತ್ತು ಅಲ್ಲೇ ನಿಂತ.

"ಆಲೂಗೆಡ್ಡೆ," ಎಂದ ಕೊನೆಗೆ. "ಒಳ್ಳೆಯ ವರ್ಷವಾದರೆ."