ಮೌನವಾಗಿ ಬಳಿದ ಗೋಡೆ

ನಮ್ಮ ಚರ್ಚಿನ ಸಭೆಯವರು ಶ್ರೀಲಂಕಾದ ಟೀ ತೋಟದ ಶಾಲೆಯೊಂದಕ್ಕೆ ಬಣ್ಣ ಬಳಿದುಕೊಡಲು ಸೇವಾಯಾತ್ರೆ ಹೊರಟಾಗ, ಬರೀ ಬಣ್ಣ ಬಳಿದು ಬಂದರೆ ಸಾಲದು ಎಂದು ತಕರಾರು ತೆಗೆದವನು ನಾನೇ.

"ಅಯ್ಯನವರೇ, ಪೇಂಟರುಗಳು ಅಲ್ಲೇ ಸಿಗ್ತಾರೆ. ನಾವು ಸಮುದ್ರ ದಾಟಿ ಹೋಗೋದು ನಮ್ಮ ಆತ್ಮ ಬೆಳೀಲಿ ಅಂತ ಅಲ್ವಾ?" ಎಂದೆ.

ನಮ್ಮ ಪಾಸ್ಟರ್ ಅಯ್ಯನವರು ಸಾಧು ಮನುಷ್ಯ. "ಸರಿ, ಅದನ್ನ ನೀವೇ ನಡೆಸಿಕೊಡಿ" ಎಂದುಬಿಟ್ಟರು. ನಾನು ಬೆಂಗಳೂರಿನ ವಿಮಾನಪುರದ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪ್ಪು ಹುಡುಕುವ ಇನ್‌ಸ್ಪೆಕ್ಟರ್. ಶಿಸ್ತನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ!

ಕಾರ್ಯಕ್ರಮ ಪ್ರಕಟಿಸಿದೆ. ಸಂಜೆಯವರೆಗೆ ಉಪವಾಸ, ಮಧ್ಯಾಹ್ನದವರೆಗೆ ಮೌನ, ಒಬ್ಬೊಬ್ಬರಿಗೆ ಒಂದೊಂದು ಕೋಣೆಯಲ್ಲಿ ಏಕಾಂತದ ಕೆಲಸ.

"ರೀ, ಒಬ್ರೇ ಪೇಂಟ್ ಮಾಡೋವಾಗ ಏಣಿ ಯಾರು ಹಿಡ್ಕೋತಾರೆ?" ಎಂದಳು ಹೆಂಡತಿ ಸುಗುಣ.

"ದೇವರು!"

"ಪಾಪ, ಅವರಿಗೆ ಬೇರೆ ಕೆಲಸ ಇಲ್ವಾ?" ಎಂದು ಅವಳು ಅಡುಗೆಮನೆಗೆ ಹೋದಳು.

ಹೊರಡುವ ಮೊದಲು ಪುಲಿಕೇಶಿನಗರದ ನಮ್ಮ ಮನೆಯಲ್ಲೇ ಅಭ್ಯಾಸಕ್ಕೆ ಕೂತೆ. ರಾತ್ರಿ ಊಟದ ಹೊತ್ತಿನವರೆಗೆ ಉಪವಾಸ, ಮೌನ ಎರಡೂ. ಅದು ರಂಜಾನ್ ತಿಂಗಳು. ಕತ್ತಲಾಗುತ್ತಲೇ ಕಬಾಬಿನ ಹೊಗೆ ಕಿಟಕಿಯಿಂದ ಒಳಗೆ ಬಂತು. ಅದರ ಹಿಂದೆಯೇ ಪಕ್ಕದ ಮನೆಯ ನಸ್ರೀನ್ ಆಪಾ ಹಲೀಮಿನ ಬಟ್ಟಲು ಹಿಡಿದು ಬಂದರು. "ಭಾಯ್, ನಿಮ್ದೂ ರೋಜಾ ಅಂತೆ? ಟೈಮ್ ಆಯ್ತು, ತಗೊಳ್ಳಿ" ಎಂದರು. ಬೇಡ ಎನ್ನೋಣವೆಂದರೆ ಮೌನ ಮುರಿಯುತ್ತದೆ. ಮೌನಂ ಸಮ್ಮತಿ ಲಕ್ಷಣಂ. ಬಟ್ಟಲು ಖಾಲಿಯಾಯಿತು!

ಈ ಸೋಲಿನ ಸೇಡನ್ನು ಲಂಕೆಯಲ್ಲಿ ತೀರಿಸಿಕೊಳ್ಳಲು ತೀರ್ಮಾನಿಸಿದೆ.

ತೋಟದ ಶಾಲೆಯನ್ನು ನೋಡಿಕೊಳ್ಳುವವರು ಸೆಲ್ವಿ ಟೀಚರ್. ತೋಟದವರೆಲ್ಲ ತಮಿಳರು. ಕಂಟೋನ್ಮೆಂಟಿನಲ್ಲಿ ಬೆಳೆದ ನನಗೆ ತಮಿಳು ನೀರು ಕುಡಿದಷ್ಟು ಸಲೀಸು, ಓದು ಬರಹ ಒಂದು ಬಿಟ್ಟು. ನಾವು ತಲುಪಿದ ಸಂಜೆಯೇ ಟೀಚರ್, "ಊಟ ಮಾಡದೆ ಕೆಲಸ ವೇಂಡಾಂ ಅಣ್ಣಾ" ಎಂದು ಗೋಳಾಡಿದ್ದರು. ಇದು ಪ್ರೀತಿಯ ರೂಪದಲ್ಲಿ ಬರುವ ಸೈತಾನನ ಶೋಧನೆ, ಯಾರೂ ಬಗ್ಗಬಾರದು ಎಂದು ತಂಡಕ್ಕೆ ಎಚ್ಚರಿಕೆ ಕೊಟ್ಟೆ.

ಮರುದಿನ ಬೆಳಿಗ್ಗೆ ಮೌನ ಶುರುವಾಗಿತ್ತು. ಟೀಚರ್ ಬಂದು, ಕೋಣೆಗಳ ಕಡೆ ಕೈ ತೋರಿಸಿ ಏನೋ ಹೇಳಲು ಬಾಯಿ ತೆರೆದರು. ನಾನು ತುಟಿಯ ಮೇಲೆ ಬೆರಳಿಟ್ಟು, ಕೈಮುಗಿದು, ಒಳಗೆ ಹೋಗಿಬಿಟ್ಟೆ. ಉಳಿದವರೂ ಬೆರಳಿಟ್ಟು ಹಿಂಬಾಲಿಸಿದರು.

ನನ್ನ ಪಾಲಿಗೆ ಬಂದದ್ದು ಒಂದನೇ ತರಗತಿ. ಎದುರಿನ ಗೋಡೆಯ ತುಂಬ ಅಕ್ಷರಗಳು, ಆನೆ, ನವಿಲು, ಮಗ್ಗಿ. ಬಣ್ಣ ಮಾಸಿತ್ತು, ಗೆರೆ ಸೊಟ್ಟಗಿತ್ತು. ಇನ್‌ಸ್ಪೆಕ್ಟರ್ ಕಣ್ಣಿಗೆ ಅದು ತಿರಸ್ಕರಿಸಬೇಕಾದ ಮಾಲು! ನೀಲಿ ಡಬ್ಬ ತೆರೆದೆ.

ಆನೆಯ ಸೊಂಡಿಲು ಮುಳುಗುವ ಹೊತ್ತಿಗೆ ಬಾಗಿಲಲ್ಲಿ ಟೀಚರ ದನಿ ಕೇಳಿತು. "ಅಣ್ಣಾ, ವೇಂಡಾಂ! ವೇಂಡಾಂ ಅಣ್ಣಾ!"

ಮತ್ತೆ ಊಟದ ಉಪಚಾರ, ಅಂದುಕೊಂಡೆ. ಹಿಂತಿರುಗಿ ನೋಡಲಿಲ್ಲ. ಅವರು ಕೂಗಿದಷ್ಟೂ ರೋಲರ್ ಜೋರಾಗಿ ಓಡಿಸಿದೆ. ಹಸಿವಿಗೆ ತಲೆ ತಿರುಗುತ್ತಿತ್ತು, ಆದರೂ ಹಲೀಮಿನ ಕಳಂಕ ತೊಳೆದುಹೋಗುತ್ತಿರುವ ಆನಂದ! ಕೊನೆಯ ನವಿಲನ್ನೂ ಮುಗಿಸಿ ತಿರುಗಿದರೆ ಟೀಚರ್ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದರು.

ಸುಗುಣ ಓಡಿ ಬಂದಳು. ಅವಳು ಬೆಳಗಿನಿಂದ ಅಡುಗೆಮನೆಯಲ್ಲಿ ತೋಟದ ಹೆಂಗಸರ ಜೊತೆ ಹರಟುತ್ತ ಮೌನವನ್ನು ಗಾಳಿಗೆ ತೂರಿದ್ದಳು. ಟೀಚರ ಮಾತು ಕೇಳಿಕೊಂಡು ನನ್ನ ಕಡೆ ತಿರುಗಿದಳು.

"ರೀ, ಈ ಮಕ್ಕಳ ಹತ್ರ ಪುಸ್ತಕ ಇಲ್ಲ. ಈ ಗೋಡೇನೇ ಪುಸ್ತಕ. ಟೀಚರ್ ವರ್ಷಗಟ್ಟಲೆ ರಜದಲ್ಲಿ ಕೂತು ಬರೆದಿದ್ದಂತೆ. ನಾಳೆ ಸ್ಕೂಲು. ಇದೊಂದು ಗೋಡೆ ಬಿಟ್ಟು ಎಲ್ಲಾ ಬಳೀರಿ ಅಂತ ಹೇಳಕ್ಕೇ ಬೆಳಿಗ್ಗೆ ಬಂದಿದ್ರು!"

ಮೌನ ಮುಗಿಯಲು ಇನ್ನೂ ಹೊತ್ತಿತ್ತು. "ಅಯ್ಯೋ ದೇವರೇ!" ಎಂದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅಳುವವರ ದನಿಗೆ ಬೆನ್ನು ತಿರುಗಿಸಿ ನಿಂತು ಅದಕ್ಕೆ ಭಕ್ತಿ ಎಂದು ಹೆಸರಿಟ್ಟಿದ್ದೆ.

ಪ್ರಾಯಶ್ಚಿತ್ತವಾಗಿ ಗೋಡೆಯನ್ನು ನಾನೇ ಮತ್ತೆ ಬರೆಯುತ್ತೇನೆಂದು ಹಟ ಹಿಡಿದೆ. ಟೀಚರ್ ಹಾಳೆಯ ಮೇಲೆ ಬರೆದುಕೊಟ್ಟ ಒಂದೊಂದು ಅಕ್ಷರವನ್ನೂ ನೋಡಿ ನೋಡಿ ಏಣಿಯ ಮೇಲೆ ಬರೆದೆ. ಏಣಿ ಹಿಡಿದವಳು ಸುಗುಣ. ದೇವರಿಗೆ ಬಿಡುವಿರಲಿಲ್ಲ. ಆನೆ ಹಂದಿಯಂತಾಯಿತು, ನವಿಲು ಕೋಳಿಯಂತಾಯಿತು. ಟೀಚರ್ ಬಹಳ ಹೊತ್ತು ನೋಡಿ, "ಪರವಾಯಿಲ್ಲೆ ಅಣ್ಣಾ" ಎಂದರು. ನನ್ನ ಕಣ್ಣು ಒದ್ದೆಯಾಯಿತು. ಕ್ಷಮೆ ಸಿಕ್ಕಿತೆಂದೇ ತಿಳಿದೆ.

ಬೆಂಗಳೂರಿಗೆ ಬಂದ ಮೇಲೆ ಭಾನುವಾರದ ಆರಾಧನೆಯಲ್ಲಿ ದೇವರ ಕೃಪೆಗೆ ಸಾಕ್ಷಿ ಹೇಳಲು ನನ್ನನ್ನು ಕರೆದರು. ಮುರಿದ ಮನಸ್ಸಿನಿಂದ, ಕಾಣದ ಕೈಯೊಂದು ಹಿಡಿದು ಬರೆಸಿದಂತೆ, ಆ ಗೋಡೆಯನ್ನು ನಾನು ಹೇಗೆ ಮರಳಿ ಕಟ್ಟಿದೆ ಎಂದು ಸವಿಸ್ತಾರವಾಗಿ ವರ್ಣಿಸಿದೆ. ಹಿಂದಿನ ಬೆಂಚಿನ ಹೆಂಗಸರು ಕಣ್ಣೊರೆಸಿಕೊಂಡರು. ಅಯ್ಯನವರು ಎದ್ದು ನಿಂತು ಕೈಕುಲುಕಿದರು.

ನನ್ನ ಜಾಗಕ್ಕೆ ಬಂದು ಕೂತಾಗ ಸುಗುಣ ತನ್ನ ಮೊಬೈಲನ್ನು ಮೆಲ್ಲಗೆ ನನ್ನ ತೊಡೆಯ ಮೇಲಿಟ್ಟಳು. ಸೆಲ್ವಿ ಟೀಚರ್ ಫೋಟೋ ಕಳಿಸಿದ್ದರು. ಗೋಡೆಗೆ ಮತ್ತೆ ಹೊಸದಾಗಿ ನೀಲಿ ಬಳಿದಿತ್ತು. ಅದರ ಮೇಲೆ ಅವರದೇ ಕೈಯ ದುಂಡಗಿನ ಅಕ್ಷರ, ಅವರದೇ ಆನೆ, ಅವರದೇ ನವಿಲು. ನನ್ನ ಒಂದು ಚುಕ್ಕೆಯೂ ಉಳಿದಿರಲಿಲ್ಲ.

ಫೋಟೋದ ಜೊತೆ ಟೀಚರ ದನಿಯೂ ಬಂದಿತ್ತು. ಆರಾಧನೆ ಮುಗಿದ ಮೇಲೆ ಹೊರಗೆ ನಿಂತು ಕೇಳಿದೆವು. "ಅಣ್ಣನಿಗೆ ರೊಂಬ ಥ್ಯಾಂಕ್ಸ್ ಹೇಳಿ ಅಕ್ಕಾ. ಅವರು ಮಾಡಿದ್ದರಲ್ಲಿ ತುಂಬಾ ಉಪಯೋಗಕ್ಕೆ ಬಂದಿದ್ದು, ಬಿಟ್ಟು ಹೋದ ಪೇಂಟು."