ಎನಾಮಲ್ ಪಾತ್ರೆಗೆ ಕಲಾಯಿ

ನನ್ನ ಕೈಗೆ ಸುಮ್ಮನಿರುವ ಅಭ್ಯಾಸವಿಲ್ಲ. ಆಫೀಸಿನಲ್ಲಿದ್ದಾಗ ಪಕ್ಕದ ಮೇಜಿನವರ ಊಟದ ಡಬ್ಬಿಗಳನ್ನು ಅದಲುಬದಲು ಮಾಡಿ ತೃಪ್ತಿಪಡುತ್ತಿತ್ತು. ತುಮಕೂರಿನ ಅರ್ಧ ಜನ ನನ್ನಿಂದ ಬೇಸ್ತು ಬಿದ್ದವರೇ. ಉಳಿದರ್ಧ ಒಪ್ಪಿಕೊಳ್ಳುವುದಿಲ್ಲ, ಅಷ್ಟೇ. ಹೋದ ವರ್ಷ, ತೊಂಬತ್ತೆಂಟರಲ್ಲಿ, ರಿಟೈರಾಗಿ ಶೆಟ್ಟಿಹಳ್ಳಿಯ ಮನೆಯಲ್ಲಿ ಕೂತ ಮೇಲೆ ಈ ಕೈಗೆ ಸಿಕ್ಕಿದ್ದು ನನ್ನ ಹೆಂಡತಿ ಗೌರಿಯ ಎನಾಮಲ್ ಪಾತ್ರೆ.

ಬಿಳಿ ಮೈ, ನೀಲಿ ಅಂಚು. ಗುಬ್ಬಿಯ ನಮ್ಮತ್ತೆ ಮದುವೆಯಲ್ಲಿ ಕೊಟ್ಟದ್ದು. ಮೂವತ್ತು ವರ್ಷದ ಗೊಜ್ಜಿನಿಂದ ಒಳಗೆಲ್ಲ ಕಾಫಿ ಬಣ್ಣದ ಕಲೆ. ಅಂಚಿನಲ್ಲಿ ಚಕ್ಕೆ ಎದ್ದು ಕಬ್ಬಿಣ ಕಾಣುತ್ತಿತ್ತು. ಅತ್ತೆ ಬಂದಾಗಲೆಲ್ಲ ಮೊಮ್ಮಕ್ಕಳಿಗಿಂತ ಮೊದಲು ಅದನ್ನು ವಿಚಾರಿಸುತ್ತಿದ್ದರು. ಆ ಶನಿವಾರ ಅವರು ಬರುವವರಿದ್ದರು. ಅದಕ್ಕೆ ಎರಡು ದಿನ ಮೊದಲು ಗೌರಿ ಕುಣಿಗಲ್ಲಿನ ತಂಗಿಯ ಮನೆಗೆ ಹೊರಟಳು. "ರೀ, ನಾನ್ ಬರೋವರ್ಗೂ ಏನೂ ಮುಟ್ಬೇಡಿ" ಎಂದಳು. "ನಾನ್ಯಾಕೆ ಮುಟ್ಲಿ?" ಎಂದೆ. ಅವಳ ಆಟೋ ತಿರುವು ದಾಟುವಷ್ಟರಲ್ಲಿ ಪಾತ್ರೆ ನನ್ನ ತೊಡೆಯ ಮೇಲಿತ್ತು.

ಬೂದಿ, ಹುಣಸೆಹಣ್ಣು, ಇಟ್ಟಿಗೆ ಪುಡಿ, ಯಾವುದಕ್ಕೂ ಕಲೆ ಜಗ್ಗಲಿಲ್ಲ. ಇದ್ದ ಹೊಳಪು ಮಾತ್ರ ಹೋಯಿತು. ಅಷ್ಟರಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಬಾಷಾ ಬೀದಿಗೆ ಬಂದ. ಇದನ್ನು ನೋಡಿ ನಕ್ಕ.

"ಸಾರ್, ಎನಾಮಲ್‌ಗೆ ಕಲಾಯಿ ಕೂರಲ್ಲ. ಕಾಯ್ಸಿದ್ರೆ ಸಿಡಿಯುತ್ತೆ."

"ಲೋ, ನೀನ್ ಹುಟ್ಟೋಕ್ ಮುಂಚಿಂದ ಪಾತ್ರೆ ನೋಡ್ತಿದೀನಿ ಕಣೋ. ಇಡು ಬೆಂಕಿ ಮೇಲೆ."

"ಅಮ್ಮಾವ್ರು ಕೇಳಿದ್ರೆ?"

"ನಾನ್ ನೋಡ್ಕೋತೀನಿ ಬುಡು."

ಬಾಷಾ ತಿದಿ ಒತ್ತಿ ಕೆಂಡಕ್ಕೆ ಗಾಳಿ ಹಾಕಿದ. ಪಾತ್ರೆ ಕಾದದ್ದೇ ತಡ, ಬಿಳಿ ಚಕ್ಕೆಗಳು ಚಟಪಟ ಅರಳಿನಂತೆ ಹಾರಿದವು. ಒಂದು ನನ್ನ ಕನ್ನಡಕಕ್ಕೇ ಬಡಿಯಿತು. ಬಾಷಾ ಕೂಲಿಯನ್ನೂ ಕೇಳದೆ ಗಂಟು ಕಟ್ಟಿದ. ಅದೇ ಹೆಚ್ಚು ಚುಚ್ಚಿತು.

ಕಿಟಕಿಗೆ ಹೊಡೆದು ಉಳಿದ ಪೇಂಟು ಅಟ್ಟದಲ್ಲಿತ್ತು. ಬಿಳಿ ಎರಡು ಕೋಟು ಹೊಡೆದೆ. ನೀಲಿ ಅಂಚನ್ನಂತೂ ಕಾರ್ಖಾನೆಯವರೂ ಅಷ್ಟು ನೇರ ಎಳೆಯಲಾರರು. ಅತ್ತೆಯಿಂದ ಹೊಗಳಿಸಿಕೊಂಡು, ಆಮೇಲೆ ಅದನ್ನು ಮಾಯ ಮಾಡುವುದು ನನ್ನ ಲೆಕ್ಕ.

ಶನಿವಾರ ಬೆಳಿಗ್ಗೆ ಗೌರಿ ವಾಪಸು ಬಂದಳು, ಹಿಂದೆಯೇ ಅತ್ತೆ. ಅತ್ತೆ ಪಾತ್ರೆಯನ್ನು ಬೆಳಕಿಗೆ ಹಿಡಿದು, "ನೋಡೇ ಗೌರಿ, ಅಳಿಯಂದ್ರು ಎಷ್ಟ್ ಬೆಳ್ಳಗ್ ಮಾಡವ್ರೆ! ಇವತ್ತು ಇದ್ರಲ್ಲೇ ಮೆಂತ್ಯದ ಗೊಜ್ಜು" ಎಂದು ಒಲೆಯ ಮೇಲಿಟ್ಟೇಬಿಟ್ಟರು. ನಾನೊಬ್ಬನೇ ತಿನ್ನುವುದಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಎಂಬತ್ತರ ಮುದುಕಿಯ ಹೊಟ್ಟೆಗೆ ಕಿಟಕಿಯ ಪೇಂಟು ಹೋಗುವುದುಂಟೇ? ಅಡುಗೆಮನೆಗೆ ಓಡಿ, "ಅತ್ತೆ, ಬೇಡ! ಅದು ಪೇಂಟು!" ಎಂದು ಕಿರುಚಿದೆ. ಜೀವಮಾನದಲ್ಲಿ ನನ್ನ ಕಿತಾಪತಿಯನ್ನು ನಾನೇ ಒಪ್ಪಿಕೊಂಡದ್ದು ಅದೊಂದೇ ಸಲ.

ನೋಡಿದರೆ, ಗೌರಿ ಆಗಲೇ ಇಕ್ಕಳ ಹಿಡಿದು ನಿಂತಿದ್ದಳು. "ಬಾಗ್ಲಲ್ಲೇ ವಾಸ್ನೆ ಬಂತು. ನಿಮ್ ಬಾಯಿಂದ್ಲೇ ಬರ್ಲಿ ಅಂತಿದ್ದೆ" ಎಂದು ಪಾತ್ರೆ ಇಳಿಸಿದಳು. ಅತ್ತೆ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಂಚೂ ನೀವೇ ಎಳೆದ್ರಾ ಅಳಿಯಂದ್ರೇ?"

"ಹೂಂ."

"ಚೆನ್ನಾಗೈತೆ."

ಅತ್ತೆ ಆ ಪಾತ್ರೆಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೇ ಗುಬ್ಬಿಗೆ ಒಯ್ದು, ಬೀದಿಯವರಿಗೆಲ್ಲ ತೋರಿಸಿದರಂತೆ. ಈಗ ನಾನು ಅಲ್ಲಿ ಬಸ್ಸಿಳಿದರೆ ಗುರುತಿಲ್ಲದವರೂ "ಪೇಂಟ್ ಅಳಿಯಂದ್ರು ಬಂದ್ರು" ಎನ್ನುತ್ತಾರೆ. ಮೊನ್ನೆ ಅತ್ತೆಯ ಪಕ್ಕದ ಮನೆಯಾಕೆ ಗೇಲಿ ಮಾಡಲೆಂದೇ ತಳ ತೂತಾದ ಎನಾಮಲ್ ಕೆಟಲ್ ತಂದು ಮುಂದಿಟ್ಟರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬೆಂಕಿ ಸ್ವಲ್ಪ ಸಣ್ಣಗಿಟ್ಟರೆ ಬೆಸುಗೆ ಹಿಡಿಯಬಹುದೇನೋ ಅನ್ನಿಸಿತು. ಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ. ಗೌರಿಗೆ ಇನ್ನೂ ಹೇಳಿಲ್ಲ.