ಅಲ್ಲಾಡಿಸಿದರೆ ಸದ್ದು ಬರುವ ಕಾರು

ಹೊಟ್ಟೆಯುರಿಯನ್ನು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಷಡ್ಡಕ ಅಂತ ಒಬ್ಬನಿದ್ದರೆ ಅದು ತಾನಾಗಿಯೇ ಮನೆ ಹುಡುಕಿಕೊಂಡು ಬರುತ್ತದೆ. ನನಗಂತೂ ಹಬ್ಬಕ್ಕೊಂದು ಸಲ ತಪ್ಪದೆ ಬರುತ್ತದೆ.

ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಹೆಂಡತಿಯ ಅಕ್ಕನ ಗಂಡ ರಾಮನಗರದಲ್ಲಿ ವಿಮೆ ಕಚೇರಿಯ ಅಧಿಕಾರಿ. ಎದುರಿಗೆ ಅವನನ್ನು ಅಣ್ಣ ಅನ್ನುತ್ತೇನೆ, ಬರೆಯುವಾಗ ಅವನು ಅನ್ನುವಷ್ಟು ಸ್ವಾತಂತ್ರ್ಯ ತೆಗೆದುಕೊಂಡಿದ್ದೇನೆ. ನಮ್ಮ ಮಾವನವರ ಮನೆ ಕೂಟಗಲ್ ಕಡೆ. ಅಲ್ಲಿ ಅವನಿಗೆ ಸೋಫಾ, ನನಗೆ ಪ್ಲಾಸ್ಟಿಕ್ ಕುರ್ಚಿ. ಹದಿಮೂರು ವರ್ಷದಿಂದ ಇದೇ ವ್ಯವಸ್ಥೆ.

ಆ ಮನೆಯ ಹಾಲ್‌ನಲ್ಲಿ ಒಂದು ಗಾಜಿನ ಷೋಕೇಸ್ ಇದೆ. ಅದರ ಮೇಲಿನ ಹಲಗೆಯಲ್ಲಿ ಒಂದು ಕಾರು. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಮಾಡುವ ರೇಸ್ ಕಾರು, ಅಂಗೈಗಿಂತ ಒಸಿ ದೊಡ್ಡದು. ಷಡ್ಡಕ ಜಪಾನಿನ ಕಿಟ್ ತರಿಸಿ ತಾನೇ ಜೋಡಿಸಿದ್ದು. ಬಂದವರಿಗೆಲ್ಲ ಮಾವನವರು ಮೊದಲು ನೀರು ಕೊಡುತ್ತಾರೆ, ಆಮೇಲೆ ಆ ಕಾರು ತೋರಿಸಿ ನಮ್ಮ ದೊಡ್ಡ ಅಳಿಯಂದ್ರು ಮಾಡಿದ್ದು ಅನ್ನುತ್ತಾರೆ. ಚಿಕ್ಕ ಅಳಿಯ ಏನು ಮಾಡಿದ್ದಾನೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಆ ಹಲಗೆಯ ಮೇಲೆ ನನ್ನದೊಂದು ಕಾರು ಕೂರಬೇಕು ಅಂತ ಅಲ್ಲೇ ತೀರ್ಮಾನಿಸಿದೆ.

೧. ಕಾರು ಯಾವುದು, ಕಸ ಯಾವುದು

ನಾನು ತರಿಸಿದ್ದು ಅಗ್ಗದ ಕಿಟ್. ಡಬ್ಬದ ಮೇಲಿನ ಚಿತ್ರ ಮಾತ್ರ ಜಪಾನಿನ ಡಬ್ಬದ ಚಿತ್ರಕ್ಕಿಂತ ಚೆನ್ನಾಗಿತ್ತು. ಅದನ್ನು ನೋಡಿಯೇ ಮೋಸ ಹೋದೆ.

ಅವನ ಕಿಟ್‌ನಲ್ಲಿ ತುಂಡುಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಟಾಣಿ ಸುಲಿದಂತೆ ಬಿಡುತ್ತಿದ್ದವಂತೆ. ಎರಡು ತುಂಡು ಸೇರಿಸಿದರೆ ಟಿಕ್ ಅಂತ ಕೂರುತ್ತಿದ್ದವಂತೆ. ಇದನ್ನು ಅವನೇ ಫೋನ್ ಮಾಡಿ ಹೇಳಿದ. ನನ್ನ ಕಿಟ್‌ನಲ್ಲಿ ಪ್ರತಿ ತುಂಡಿನ ಸುತ್ತಲೂ ಹೆಚ್ಚುವರಿ ಪ್ಲಾಸ್ಟಿಕ್ಕು, ಹೆಂಚಿನ ಮೇಲೆ ಚೆಲ್ಲಿಹೋದ ದೋಸೆಯ ಅಂಚಿನ ಹಾಗೆ. ಅದನ್ನು ಕೆರೆದು ಕೆರೆದು ತೆಗೆಯುವುದರಲ್ಲೇ ಎರಡು ಭಾನುವಾರ ಹೋಯಿತು. ನನ್ನ ಹೆಂಡತಿ ಉಗುರು ಕತ್ತರಿ ಕೊಟ್ಟು ನೆರವಾದಳು. ಆಮೇಲೆ ಪೊರಕೆ ತಂದು ಇನ್ನೂ ಹೆಚ್ಚು ನೆರವಾದಳು.

ಸೋಮವಾರ ನೋಡಿದರೆ ಸ್ಟಿಯರಿಂಗ್ ಇಲ್ಲ. ಕೇಳಿದ್ದಕ್ಕೆ ಅವಳು ಸ್ವಲ್ಪವೂ ಗಾಬರಿಯಾಗಲಿಲ್ಲ. "ರೀ, ನೀವು ಇಟ್ಕೊಂಡಿರೋದೂ ಹಂಗೇ ಐತೆ, ನಾನು ಗುಡಿಸಿದ್ದೂ ಹಂಗೇ ಇತ್ತು. ಯಾವ್ದು ಕಾರು, ಯಾವ್ದು ಕಸ ಅಂತ ಒಂದ್ ಚೀಟಿ ಅಂಟಿಸ್ಬಾರ್ದಾ?" ಅಂದಳು.

೨. ಮೂರು ಚಕ್ರ

ಡಬ್ಬದಲ್ಲಿ ಚಕ್ರ ಮೂರೇ ಇದ್ದವು. ಮಾರಿದವನಿಗೆ ಫೋನ್ ಮಾಡಿದೆ. ಡಬ್ಬ ಒಡೆದ ಮೇಲೆ ಜವಾಬ್ದಾರಿ ನಮ್ಮದಲ್ಲ ಅಂದ. ಡಬ್ಬ ಒಡೆಯದೆ ಚಕ್ರ ಎಣಿಸುವುದು ಹೇಗೆ ಅಂತ ಕೇಳಿದೆ. ಫೋನ್ ಇಟ್ಟುಬಿಟ್ಟ.

ಚನ್ನಪಟ್ಟಣದಲ್ಲಿದ್ದುಕೊಂಡು ಆಟದ ಕಾರಿಗೆ ಚಕ್ರ ಸಿಗಲಿಲ್ಲ ಅಂದರೆ ಊರಿಗೇ ಅವಮಾನ. ನಮ್ಮ ಹಿಂದಿನ ಬೀದಿಯಲ್ಲಿ ಮರದ ಬೊಂಬೆ ಕಡೆಯುವ ಯಜಮಾನರೊಬ್ಬರಿದ್ದಾರೆ. ಅವರ ಹತ್ತಿರ ಹೋಗಿ ಪ್ಲಾಸ್ಟಿಕ್ ಚಕ್ರವನ್ನು ಕೈಗೆ ಕೊಟ್ಟು, ಇದರಂಥದೇ ಇನ್ನೊಂದು ಬೇಕು ಅಂದೆ. ಅವರು ಅದನ್ನು ಬೆಳಕಿಗೆ ಹಿಡಿದರು, ನೆಲದ ಮೇಲೆ ಉರುಳಿಸಿದರು. ಅದು ಒಂದು ಮೊಳ ಹೋಗಿ, ಎಡಕ್ಕೆ ತಿರುಗಿ, ಮಲಗಿಬಿಟ್ಟಿತು.

"ಇದರಂಥದ್ದು ಮಾಡಾಕೆ ನಂಗೆ ಬರಾಕಿಲ್ಲ ಮೇಷ್ಟ್ರೇ," ಅಂದರು ಯಜಮಾನರು. "ದುಂಡಗಿರೋದು ಬೇಕಾದ್ರೆ ಮಾಡ್ಕೊಡ್ತೀನಿ."

ಲೇತ್ ಮೇಲೆ ಮರದ ತುಂಡಿಟ್ಟು ಹತ್ತು ನಿಮಿಷದಲ್ಲಿ ನಾಲ್ಕು ಚಕ್ರ ಕಡೆದರು. ಕಪ್ಪು ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತಂದರು. ನಾಲ್ಕು ಯಾಕೆ, ನನಗೆ ಬೇಕಾದದ್ದು ಒಂದೇ ಅಂದೆ. ಒಂದೇ ಒಂದು ಒಳ್ಳೇದು ಹಾಕಿದರೆ ಮಿಕ್ಕ ಮೂರರ ಬಂಡವಾಳ ಬಯಲಾಗುತ್ತದೆ ಅಂದರು. ಮನೆಗೆ ಬಂದು ಹಾಕಿ ನೋಡಿದೆ. ಈಗ ಚಕ್ರಗಳಿಂದಾಗಿ ಇಡೀ ಕಾರಿನ ಬಂಡವಾಳ ಬಯಲಾಯಿತು.

೩. ಉಳಿದ ಇಂಜಿನ್

ಜಪಾನಿನ ಕಿಟ್ ಜೊತೆ ಬರುವ ಪುಸ್ತಕದಲ್ಲಿ ಎಲ್ಲವೂ ಚಿತ್ರ. ಯಾವ ತುಂಡು ಎಲ್ಲಿಗೆ ಅಂತ ಬಾಣ ಹಾಕಿ ತೋರಿಸಿರುತ್ತಾರೆ. ನನ್ನದರಲ್ಲಿ ಇದ್ದದ್ದು ಒಂದು ಹಾಳೆ, ಅದೂ ಜೆರಾಕ್ಸಿನ ಜೆರಾಕ್ಸು. ಆರನೆಯ ಹಂತ ಆದ ಮೇಲೆ ಎಂಟನೆಯದು. ಏಳು ಎಲ್ಲಿ ಅಂತ ಹಾಳೆ ತಿರುಗಿಸಿ ನೋಡಿದರೆ ಹಿಂದೆ ಬೇರೆ ಯಾವುದೋ ವಿಮಾನದ ರೆಕ್ಕೆ.

ಷಡ್ಡಕನನ್ನು ಕೇಳಬಹುದಿತ್ತು. ಅದಕ್ಕಿಂತ ಕಾರಿಗೆ ರೆಕ್ಕೆ ಅಂಟಿಸುವುದೇ ವಾಸಿ ಅಂದುಕೊಂಡೆ. ಎಂಟನೆಯ ಹಂತಕ್ಕೆ ಹಾರಿ, ಮೇಲುಭಾಗ ಅಂಟಿಸಿ, ಒಣಗಲು ಇಟ್ಟು ತಿರುಗಿ ನೋಡಿದರೆ ಮೇಜಿನ ಮೇಲೆ ಇಂಜಿನ್ ಕೂತಿತ್ತು.

ಅಷ್ಟರಲ್ಲಿ ಷಡ್ಡಕ ಮನೆಗೆ ಬಂದ. ಇಂಜಿನ್ನನ್ನು ಗಬಕ್ಕನೆ ಷರ್ಟಿನ ಜೇಬಿಗೆ ಹಾಕಿಕೊಂಡೆ. ಅವನು ಕಾರನ್ನು ಎತ್ತಿ, ತಲೆಕೆಳಗು ಮಾಡಿ, ಹಿಂದಿನ ತೂತಿನಲ್ಲಿ ಒಂದು ಕಣ್ಣಿಟ್ಟು ನೋಡಿದ. "ಮೇಷ್ಟ್ರೇ, ಇಂಜಿನ್ ಎಲ್ಲಿ?" ಅಂದ.

"ಸರ್ವೀಸ್‌ಗೆ ಬಿಟ್ಟಿದ್ದೀನಿ ಅಣ್ಣ," ಅಂದೆ.

ಅವನು ಹೋದ ಮೇಲೆ ಆ ತೂತಿನಿಂದಲೇ ಇಂಜಿನ್ನನ್ನು ಒಳಕ್ಕೆ ತುರುಕಿ, ತೂತಿಗೆ ಅಂಟು ಬಳಿದೆ. ಅದು ಒಳಗೆ ಸ್ವತಂತ್ರವಾಗಿ ಓಡಾಡಿಕೊಂಡಿತ್ತು.

೪. ಹೊಸತೊಡಕಿನ ತೀರ್ಪು

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅಳಿಯಂದಿರಿಬ್ಬರೂ ಕೂಟಗಲ್‌ನಲ್ಲಿ ಬಾಡೂಟಕ್ಕೆ ಹಾಜರಿರಲೇಬೇಕು. ನಾನು ಕಾರನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದೆ. ಷಡ್ಡಕನ ಕಾರಿನ ಪಕ್ಕದಲ್ಲಿ ಇಟ್ಟ ತಕ್ಷಣ ತಂದದ್ದೇ ತಪ್ಪಾಯಿತು ಅನ್ನಿಸಿತು. ಅವನದರ ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನ್ನದು ಅಲ್ಲಿಂದಿಲ್ಲಿಗೆ ಬರುವುದರೊಳಗೆ ಒಂದು ಕನ್ನಡಿ ಉದುರಿಸಿಕೊಂಡಿತ್ತು. ಹೊಟ್ಟೆಯೊಳಗೆ ಬೆಂಕಿ ಬಿತ್ತು.

ಮಾವನವರು ಐವತ್ತು ವರ್ಷ ರೇಷ್ಮೆ ಹುಳ ಸಾಕಿದವರು. ರಾಮನಗರದ ಗೂಡಿನ ಮಾರುಕಟ್ಟೆಗೆ ಅವರು ಹೋದರೆ ಪಕ್ಕದವರೂ ತಮ್ಮ ಗೂಡು ತಂದು ತೋರಿಸುತ್ತಾರೆ. ಅವರು ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಹುಳ ಲೊಟಲೊಟ ಅಂದರೆ ಗೂಡು ಚೆನ್ನಾಗಿದೆ. ಸದ್ದು ಬರದಿದ್ದರೆ ಹುಳ ಒಳಗೇ ಸತ್ತು ಅಂಟಿಕೊಂಡಿದೆ. ಕಲ್ಲಂಗಡಿ ಕೊಂಡರೂ, ಟಾರ್ಚ್ ಕೊಂಡರೂ ಅವರು ಮಾಡುವುದು ಅದೇ ಪರೀಕ್ಷೆ.

ಎರಡು ಕಾರುಗಳನ್ನೂ ಒಂದು ಸಲ ನೋಡಿದರು. ಷಡ್ಡಕನ ಕಾರನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ಜಪಾನಿನವರು ಸದ್ದು ಬರುವ ಹಾಗೆ ಮಾಡುವುದೇ ಇಲ್ಲ. ನನ್ನದನ್ನು ಎತ್ತಿ ಅಲ್ಲಾಡಿಸಿದರು. ಇಂಜಿನ್ ಲೊಟಲೊಟ ಅಂತ ಈ ಕಡೆಯಿಂದ ಆ ಕಡೆಗೆ ಹೋಗಿ ಬಂತು.

ಅವರ ಮುಖ ಅರಳಿತು. "ಇದು ನೋಡಿ ಮಾಲು," ಅಂದರು. "ಅದ್ರದ್ದು ಮೇಲೆ ಹೊಳಪು ಐತೆ, ಒಳಗಡೆ ಸತ್ತೋಗೈತೆ."

ಜಪಾನಿನ ಕಾರು ಕೆಳಗಿನ ಹಲಗೆಗೆ ಇಳಿಯಿತು. ನನ್ನದು ಮೇಲಕ್ಕೆ ಹೋಯಿತು. ಊಟಕ್ಕೆ ಮೊದಲು ನನ್ನನ್ನು ಸೋಫಾದಲ್ಲಿ ಕೂರಿಸಿದರು. ಷಡ್ಡಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೂಳೆ ಕಡಿಯುತ್ತಾ ನನ್ನ ಕಾರನ್ನೇ ನೋಡುತ್ತಿದ್ದ. ಆವತ್ತು ಅವನು ಎರಡನೆಯ ಸಲ ಮುದ್ದೆ ಹಾಕಿಸಿಕೊಳ್ಳಲಿಲ್ಲ.

೫. ಆಯುಧಪೂಜೆ

ಗೆದ್ದ ಮೇಲಾದರೂ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಯಾವುದು ಒಳ್ಳೆಯ ಕಾರು ಅಂತ ಮಾವನವರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತಲ್ಲ. ಹೋದಾಗಲೆಲ್ಲ ನನ್ನ ಕಣ್ಣು ಮೇಲಿನ ಹಲಗೆ ಬಿಟ್ಟು ಕೆಳಗಿನ ಹಲಗೆಗೇ ಹೋಗುತ್ತಿತ್ತು. ಅಂಥದ್ದೊಂದನ್ನು ನನ್ನ ಕೈಯಲ್ಲೂ ಮಾಡಬೇಕು, ಸರಿಯಾದ ಕಾರಿಟ್ಟು ಸರಿಯಾಗಿ ಗೆಲ್ಲಬೇಕು ಅಂತ ಹಟ ಹತ್ತಿತು.

ಕೊನೆಗೆ ಜಪಾನಿನ ಕಿಟ್ಟನ್ನೇ ತರಿಸಿದೆ. ಮೂರು ತಿಂಗಳು ಕೂತು ಮಾಡಿದೆ. ತುಂಡು ತುಂಡೂ ಟಿಕ್ ಅಂತ ಕೂತಿತು. ಏಳನೆಯ ಹಂತ ಆರಕ್ಕೂ ಎಂಟಕ್ಕೂ ನಡುವೆಯೇ ಇತ್ತು. ಇಂಜಿನ್ ತನ್ನ ಜಾಗದಲ್ಲಿ ಭದ್ರವಾಗಿ ಕೂತಾಗ ನನಗೆ ಕಣ್ಣಲ್ಲಿ ನೀರೇ ಬಂತು. ಹೆಂಡತಿ ಕೂಡ ಆ ಕೋಣೆಗೆ ಪೊರಕೆ ತರಲಿಲ್ಲ.

ಆಯುಧಪೂಜೆಗೆ ಕೂಟಗಲ್‌ಗೆ ಹೋದೆವು. ಮಾವನವರು ಟ್ರಾಕ್ಟರು, ಸ್ಕೂಟರು ಎಲ್ಲ ತೊಳೆಸಿ, ಹೂವು ಮುಡಿಸಿ ಸಾಲಾಗಿ ನಿಲ್ಲಿಸಿದ್ದರು. ಸಾಲಿನ ಮುಂದೆ ಒಂದು ಮಣೆ, ಅದರ ಮೇಲೆ ಷೋಕೇಸಿನ ಕಾರಿಗೂ ಜಾಗ. ಹಳೆಯದರ ಬದಲು ಹೊಸದು ತಂದಿದ್ದೇನೆ ಅಂತ ಹೇಳಿ ನನ್ನ ಕಾರನ್ನು ಕೈಗಿತ್ತೆ. ನಾನೂ ಒಂದು ತಂದಿದ್ದೇನೆ ಅಂತ ಷಡ್ಡಕ ಚೀಲದಿಂದ ಒಂದು ಕಾರು ತೆಗೆದ. ನೋಡಿದರೆ ನನ್ನ ಹಳೆಯ ಅಗ್ಗದ ಕಿಟ್ಟೇ. ಬಾಗಿಲು ಸೊಟ್ಟ, ಅಂಚಿಗೆಲ್ಲ ದೋಸೆ. ಆರು ತಿಂಗಳು ಅಂಗಡಿ ಅಂಗಡಿ ಅಲೆದು ಅದೇ ಕಂಪನಿಯದನ್ನೇ ಹುಡುಕಿ ತಂದಿದ್ದನಂತೆ.

ಮಾವನವರು ನನ್ನದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದರು. ಆಮೇಲೆ ಮೆಲ್ಲಗೆ ನನ್ನ ಕೈಗೆ ವಾಪಸ್ ಕೊಟ್ಟು ಬೆನ್ನು ತಟ್ಟಿದರು. "ಬೇಜಾರ್ ಮಾಡ್ಕೋಬ್ಯಾಡಿ ಅಳಿಯಂದ್ರೇ. ಒಂದೊಂದು ಬೆಳೆ ಹಿಂಗೇ ಕೈ ಕೊಟ್ಬುಡ್ತದೆ."

ಷಡ್ಡಕನದನ್ನು ಎತ್ತಿದರು. ಅಲ್ಲಾಡಿಸುವುದಕ್ಕೆ ಮುಂಚೆಯೇ ಅದು ಲೊಟಲೊಟ ಅಂದಿತು.

ಅವನದಕ್ಕೆ ಕುಂಕುಮ ಇಟ್ಟರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ನಿಂಬೆಹಣ್ಣು ಕಾರಿಗಿಂತ ಗಟ್ಟಿಯಾಗಿತ್ತು, ಒಂದು ಚಕ್ರ ಕಳಚಿಕೊಂಡು ಬಂತು. ಆದರೂ ಮಂಗಳಾರತಿ ಆಯಿತು. ನಾನು ಮೂರು ತಿಂಗಳ ಕೆಲಸವನ್ನು ಎದೆಗವಚಿಕೊಂಡು ಪ್ಲಾಸ್ಟಿಕ್ ಕುರ್ಚಿ ಹುಡುಕಿಕೊಂಡು ಹೋದೆ.

ಷಡ್ಡಕ ಸೋಫಾದಲ್ಲಿ ಒರಗಿ ಕೂತಿದ್ದ. ನನಗೆ ತಡೆಯಲಾಗಲಿಲ್ಲ, ಬಗ್ಗಿ ಮೆಲ್ಲಗೆ ಕೇಳಿಯೇಬಿಟ್ಟೆ. "ಅಣ್ಣ, ನಿಮ್ಮ ಕಾರಿಂದು ಇಂಜಿನ್ ಎಲ್ಲಿ?"

ಅವನು ಚಕ್ಕುಲಿ ಮುರಿಯುತ್ತಾ ನನ್ನ ಕಡೆ ನೋಡದೆಯೇ ಹೇಳಿದ.

"ಸರ್ವೀಸ್‌ಗೆ ಬಿಟ್ಟಿದ್ದೀನಿ ಮೇಷ್ಟ್ರೇ."